ಪಾರ್ಕಿಂಗ್ ನೋಟಿಸ್: ಹೆದರುವುದೂ ಬೇಡ, ಹರಿದೆಸೆಯುವುದೂ ಬೇಡ

ಇಂಗ್ಲೆಂಡಿಗೆ ಓದಲು, ದುಡಿಯಲು ಹೋದ ನಮ್ಮ ಮಕ್ಕಳಿಗೆ ಹಳೇ ಪಾರ್ಕಿಂಗ್ ಬಾಕಿಗಾಗಿ ಖಾಸಗಿ ಕಂಪೆನಿಗಳ ವಸೂಲಿಗಾರರಿಂದ ಕಾಗದ ಬರುತ್ತದೆ. ‘ಕೋರ್ಟಿಗೆ ಹಾಕ್ತೇವೆ’ ಅಂತ ಕೇಳಿದ ಕೂಡಲೇ ಊರಲ್ಲಿ ಉಮ್ಮನ ನಿದ್ದೆ ಹಾರಿಹೋಗುತ್ತದೆ. ವಸೂಲಿಗಾರ ಕೋರ್ಟಿನ ಅಮೀನನಲ್ಲ. ಮನೆಗೆ ನುಗ್ಗಿ ಸಾಮಾನು ಎತ್ತುವ ಅಧಿಕಾರ ಅವನಿಗಿಲ್ಲ.

ಹಾಗಂತ ‘ಖಾಸಗಿಯವರದ್ದಲ್ವಾ, ಬಿಡು’ ಎನ್ನುವಂತಿಲ್ಲ. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 85 ಪೌಂಡಿನ ಇಂಥದ್ದೇ ಶುಲ್ಕವನ್ನು ಎತ್ತಿಹಿಡಿದಿದೆ. ಕೌಂಟಿ ಕೋರ್ಟಿನ ಕ್ಲೇಮ್ ಫಾರ್ಮ್ ಕೈಸೇರಿದರೆ 14 ದಿನದೊಳಗೆ ಉತ್ತರಿಸಲೇಬೇಕು. ಸುಮ್ಮನಿದ್ದರೆ ಏಕಪಕ್ಷೀಯ ತೀರ್ಪು. ಅದನ್ನೂ ಒಂದು ತಿಂಗಳಲ್ಲಿ ಕಟ್ಟದಿದ್ದರೆ 6 ವರ್ಷ ದಾಖಲೆಯಲ್ಲಿ ಹೆಸರು. ರೂಮ್ ಬದಲಿಸಿ ವಿಳಾಸ ತಿಳಿಸದವರು ಸಿಕ್ಕಿಬೀಳುವುದು ಇಲ್ಲೇ.

6 ವರ್ಷ ದಾಟಿದ ಬಾಕಿಗೆ ದಾವೆ ಹಾಕಿದರೆ ಅವಧಿ ಮೀರಿದೆ ಎಂದು ವಾದಿಸಬಹುದು. ‘ಹಾಗಾದ್ರೆ ಅಷ್ಟು ವರ್ಷ ಸುಮ್ಮನೆ ಕೂತರಾಯ್ತಲ್ಲ ಉಸ್ತಾದ್?’ ಅಂತ ಕೇಳುವವರಿದ್ದಾರೆ. ನಮಗದು ಒಪ್ಪಿಗೆಯಿಲ್ಲ. ಗಾಡಿ ನಿಲ್ಲಿಸಿ ಹಣ ಕೊಡದಿದ್ದರೆ ಅದು ಕಡ. ಕೋರ್ಟಿನ ಗಡುವು ಮುಗಿದರೂ ಕಡ ಕುತ್ತಿಗೆಯಲ್ಲೇ ಇರುತ್ತದೆ. ಆದರೆ ವಸೂಲಿಗಾರ ಮೇಲಿಂದ ಸೇರಿಸಿದ ಖರ್ಚನ್ನೆಲ್ಲ ಕಣ್ಣುಮುಚ್ಚಿ ಕೊಡಬೇಕಿಲ್ಲ, ಲೆಕ್ಕ ಕೇಳಿ. ಹಣ ಕೊಟ್ಟಿದ್ದರೆ ರಸೀದಿ ಸಮೇತ ಬರೆದು ತಿಳಿಸಿ. ಸಾಲ ಬರೆದಿಡಿ ಎಂದು ಸೂರಾ ಬಕರದಲ್ಲೇ ಇದೆ. ರಸೀದಿಯದ್ದೊಂದು ಫೋಟೊ ಮೊಬೈಲಲ್ಲಿರಲಿ.