ಕೂಡಿ ತೂಗುಹಾಕಿದ ಚಿತ್ರಗಳು



ಹುಪರಿಯ ಓಣಿಗಳಲ್ಲಿ ನಡೆದವರಿಗೆ ಕಣ್ಣಿಗಿಂತ ಮೊದಲು ಕಿವಿಯೇ ಊರಿನ ಪರಿಚಯ ಮಾಡಿಕೊಡುತ್ತದೆ. ಒಂದು ಮನೆಯೊಳಗಿಂದ ಸಣ್ಣ ಸುತ್ತಿಗೆಯ ಸಪ್ಪಳ, ಇನ್ನೊಂದರಿಂದ ಪಾಲಿಶ್ ಯಂತ್ರದ ಮೊರೆತ, ಮತ್ತೊಂದರ ಕಟ್ಟೆಯ ಮೇಲೆ ಕುಳಿತ ತಾಯಂದಿರ ಮಡಿಲಲ್ಲಿ ಗೆಜ್ಜೆಗಳ ಕಿಣಿಕಿಣಿ. ಬೆಳ್ಳಿಯು ಮೂಸೆಯಲ್ಲಿ ಕರಗಿ, ತಂತಿಯಾಗಿ, ಕೊಂಡಿಯಾಗಿ, ಬೆಸುಗೆ ಹಿಡಿದು, ಗೆಜ್ಜೆ ಕೂಡಿಸಿಕೊಂಡು, ಹೊಳಪು ಪಡೆದು ಯಾವುದೋ ದೂರದ ಊರಿನ ಮಗುವಿನ ಕಾಲನ್ನು ಸೇರುವ ಹೊತ್ತಿಗೆ ಹಲವು ಮನೆಗಳ ಹಲವು ಕೈಗಳು ಅದಕ್ಕಾಗಿ ದುಡಿದಿರುತ್ತವೆ. ಆದರೆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಆ ಕಾಲ್ಗೆಜ್ಜೆಯ ಪಕ್ಕದಲ್ಲಿ ತೂಕ ಮತ್ತು ಬೆಲೆ ಮಾತ್ರ ಇರುತ್ತವೆ. ಮಾಡಿದವರ ಹೆಸರು ಇರುವುದಿಲ್ಲ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಈ ತಿಂಗಳು ಹೇಳಬೇಕೆಂದಿರುವ ವಿಷಯಕ್ಕೆ ಇಲ್ಲಿಂದಲೇ ದಾರಿ ಹೊರಡುತ್ತದೆ.

ನಮ್ಮ ಶಾಲೆಯಲ್ಲಿ ಎಂಟನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ತಂದೆ ಹುಪರಿಯ ಬೆಳ್ಳಿ ಕೆಲಸದವರು. ತಾಯಿ ಮನೆಯಲ್ಲಿಯೇ ಗೆಜ್ಜೆ ಕೂಡಿಸುವವರು. ಒಂದು ದಿನ ಗಣಿತದ ವಹಿಯನ್ನು ತಿದ್ದುತ್ತಿರುವಾಗ ಅವಳ ವಹಿಯ ಹಿಂದಿನ ಹಾಳೆಯಲ್ಲಿ ಒಂದು ಚಿತ್ರ ಕಂಡಿತು. ಲೆಕ್ಕ ಅಪೂರ್ಣವಾಗಿತ್ತು, ಚಿತ್ರ ಪೂರ್ಣವಾಗಿತ್ತು. ನಾನು ಸಿಟ್ಟಿನಿಂದ ಆ ಹಾಳೆಯನ್ನು ಹರಿದು ಕಸದ ಬುಟ್ಟಿಗೆ ಹಾಕಿದೆ. ಹುಡುಗಿ ಅಳಲಿಲ್ಲ, ತಲೆ ತಗ್ಗಿಸಿ ತನ್ನ ಜಾಗಕ್ಕೆ ಹೋಗಿ ಕುಳಿತಳು.

ಸಂಜೆ ನಮ್ಮ ಚಿತ್ರಕಲಾ ಶಿಕ್ಷಕರು ಆ ಬುಟ್ಟಿಯಿಂದ ಎರಡು ತುಂಡುಗಳನ್ನು ತೆಗೆದು ನನ್ನ ಮೇಜಿನ ಮೇಲೆ ಜೋಡಿಸಿಟ್ಟರು. ಅದು ಒಂದು ಕಾಲ್ಗೆಜ್ಜೆಯ ನಕ್ಷೆ. ವೃತ್ತವನ್ನು ಹನ್ನೆರಡು ಸಮಭಾಗಗಳನ್ನಾಗಿ ಮಾಡಿ, ಪ್ರತಿಯೊಂದು ಭಾಗದಲ್ಲಿಯೂ ಒಂದು ಮಾವಿನಕಾಯಿಯ ಆಕಾರವನ್ನು ಕೂಡಿಸಿದ್ದಳು. ನಾನು ಫಳಾದ ಮೇಲೆ ಬರೆದುಕೊಟ್ಟಿದ್ದ ಭಾಗಾಕಾರದ ಪಾಠವನ್ನೇ ಅವಳು ಗೆರೆಗಳಲ್ಲಿ ಮಾಡಿದ್ದಳು. ಮೂವತ್ತು ವರ್ಷ ಮಕ್ಕಳ ಮುಂದೆ ನಿಂತವನಿಗೆ ಅದು ಕಾಣಲಿಲ್ಲ. ತರಬೇತಿ ಕಾಲೇಜಿನಲ್ಲಿ ನಾವು ಕಲಿತ ಮೊದಲ ಪಾಠವೇ ಮಗುವನ್ನು ನೋಡುವುದು. ಅಂದು ಆ ಪಾಠದಲ್ಲಿಯೇ ನಾನು ನಾಪಾಸಾದೆ.

ಮರುದಿನ ತಂದೆಯನ್ನು ಕರೆಯಿಸಿ, ಹುಡುಗಿಯನ್ನು ಮಹಾರಾಷ್ಟ್ರ ಸರಕಾರದ ಎಲಿಮೆಂಟರಿ ಚಿತ್ರಕಲಾ ಪರೀಕ್ಷೆಗೆ ಕೂಡಿಸೋಣ ಎಂದೆ. ಅವರು ಟೊಪ್ಪಿಗೆ ಕೈಯಲ್ಲಿ ಹಿಡಿದು, ಬಹಳ ವಿನಯದಿಂದ, "ಮಾಸ್ತರ್ರ, ಚಿತ್ರಾ ತಗದ್ರ ಹೊಟ್ಟಿ ತುಂಬತೈತೇನ್ರಿ? ಮನ್ಯಾಗ ಗೆಜ್ಜಿ ಕೂಡಿಸಿದ್ರ ನಾಕ ದುಡ್ಡರ ಬರ್ತಾವ" ಎಂದರು. ಆ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಹಸಿದವನ ಪ್ರಶ್ನೆಗೆ ಸುಭಾಷಿತವನ್ನು ಹೇಳಿ ಕಳಿಸುವುದು ಶಿಕ್ಷಕನಾದವನಿಗೆ ಶೋಭಿಸುವುದಿಲ್ಲ. ಅಂದಿನಿಂದ ಓದಿ, ಕೇಳಿ, ವಿಚಾರಿಸಿ ತಿಳಿದುಕೊಂಡುದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ನಮ್ಮ ಕೊಲ್ಲಾಪುರದ ಮಾತು. ರಂಕಾಳ, ಕೋಟಿತೀರ್ಥಗಳ ನೀರನ್ನೂ ಬೆಳಕನ್ನೂ ಬಣ್ಣದಲ್ಲಿ ಹಿಡಿದ ಅಬಾಲಾಲ ರಹಿಮಾನರು ಛತ್ರಪತಿ ಶಾಹೂ ಮಹಾರಾಜರ ಆಶ್ರಯದಲ್ಲಿದ್ದ ಚಿತ್ರಕಾರರು. ಅವರ ನಂತರದ ತಲೆಮಾರಿನ ಬಾಬುರಾವ್ ಪೇಂಟರರ ಮನೆತನದ ಹೆಸರು ಮಿಸ್ತ್ರಿ. ಮರ, ಲೋಹಗಳ ಕೆಲಸ ಬಲ್ಲ ಮನೆ. ನಾಟಕದ ಪರದೆಗಳನ್ನು ಬರೆದ ಕೈಯೇ ಮೂರ್ತಿಯನ್ನೂ ಮಾಡಿತು, ಚಲನಚಿತ್ರದ ಕ್ಯಾಮೆರಾವನ್ನೂ ಕಟ್ಟಿತು. 1920ರಲ್ಲಿ ತೆರೆಕಂಡ 'ಸೈರಂಧ್ರಿ' ಆ ಕೈಯ ಫಲವೇ. ಕಸುಬು ಬೇರೆ, ಕಲೆ ಬೇರೆ ಎಂಬ ಗೋಡೆ ಆ ಮನೆಯಲ್ಲಿ ಇರಲಿಲ್ಲ. ಆದರೂ ಅಬಾಲಾಲರಿಗೆ ಅರಸರ ಆಸರೆ ಇತ್ತು. ಅರಸರು ಹೋದ ಮೇಲೆ ಚಿತ್ರಕಾರನಿಗೆ ಯಾರು ಆಸರೆ? ಇದೇ ನಿಜವಾದ ಪ್ರಶ್ನೆ.

ಅದಕ್ಕೆ ಚಿತ್ರಕಾರರು ಕಂಡುಕೊಂಡ ಉತ್ತರ, ಒಬ್ಬರಿಗೊಬ್ಬರು ಆಸರೆಯಾಗುವುದು. ಒಬ್ಬ ಬಡ ಚಿತ್ರಕಾರನಿಗೆ ಒಂದು ಸಭಾಗೃಹದ ಬಾಡಿಗೆ ಕೊಡುವುದೇ ಕಷ್ಟ. ಹತ್ತು ಮಂದಿ ಕೂಡಿದರೆ ಬಾಡಿಗೆ ಹತ್ತು ಪಾಲಾಗುತ್ತದೆ. ಒಬ್ಬನ ಪರಿಚಯದವರು ಬಂದರೆ ಒಂಬತ್ತು ಮಂದಿ ಅಪರಿಚಿತರ ಚಿತ್ರಗಳನ್ನೂ ನೋಡಿ ಹೋಗುತ್ತಾರೆ. ಸಮೂಹ ಚಿತ್ರಪ್ರದರ್ಶನದ ಗುಟ್ಟು ಇಷ್ಟೇ. 1947ರಲ್ಲಿ ಮುಂಬಯಿಯಲ್ಲಿ ಸೋಜಾ, ರಝಾ, ಹುಸೇನ್, ಆರಾ, ಗಾಡೆ, ಬಾಕ್ರೆ ಎಂಬ ಆರು ಮಂದಿ ತರುಣರು ಇಂಥದೊಂದು ಗುಂಪನ್ನು ಕಟ್ಟಿದರು. ಅವರ ಹೆಸರುಗಳು ಜಗತ್ತಿಗೆಲ್ಲ ತಿಳಿದವು. ಆದರೆ ಗುಂಪು 1950ರ ದಶಕದಲ್ಲಿಯೇ ಚದುರಿಹೋಯಿತು. ಕೂಡುವುದು ಸುಲಭ, ಕೂಡಿ ಉಳಿಯುವುದಕ್ಕೆ ಕಾಲ ಕೆಳಗೆ ನೆಲ ಬೇಕು, ಹೊಟ್ಟೆಗೆ ಹಿಟ್ಟು ಬೇಕು.

ಆ ನೆಲವನ್ನೂ ಹಿಟ್ಟನ್ನೂ ತಾವೇ ಗಳಿಸಿಕೊಂಡವರ ಕಥೆ ಮದರಾಸಿನದು. ಅದರಲ್ಲಿ ನಮ್ಮ ಕನ್ನಡಿಗರೊಬ್ಬರ ಪಾಲೂ ಇದೆ. ಅವರು 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಸ್. ಜಿ. ವಾಸುದೇವ್. 1960ರ ದಶಕದಲ್ಲಿ ಅವರು ಮದರಾಸಿನ ಸರಕಾರಿ ಕಲಾ ಮತ್ತು ಕರಕುಶಲ ವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದರು. ಅಲ್ಲಿ ಪ್ರಾಂಶುಪಾಲರಾಗಿದ್ದವರು ಕೆ. ಸಿ. ಎಸ್. ಪಣಿಕ್ಕರ್, 1944ರಲ್ಲಿಯೇ ಪ್ರೋಗ್ರೆಸಿವ್ ಪೇಂಟರ್ಸ್ ಅಸೋಸಿಯೇಷನ್ ಎಂಬ ಸಂಘವನ್ನು ಸ್ಥಾಪಿಸಿ ಜೊತೆಗಾರರ ಚಿತ್ರಗಳನ್ನು ಜನರ ಮುಂದಿಟ್ಟವರು. ವಿದ್ಯಾಲಯದಿಂದ ಹೊರಬಿದ್ದ ತರುಣರು ಹೊಟ್ಟೆಪಾಡಿಗಾಗಿ ಎಲ್ಲೆಲ್ಲೋ ನೌಕರಿಗೆ ಸೇರಿ ಕುಂಚವನ್ನು ಕೈಬಿಡುವುದನ್ನು ಈ ಗುರುಗಳು ಕಂಡರು. ನಮ್ಮ ಹುಪರಿಯ ತಂದೆಯ ಪ್ರಶ್ನೆಯೇ ಅವರ ಮುಂದೆಯೂ ನಿಂತಿತ್ತು.

ಅವರು ಸರಕಾರದ ಕೊಡುಗೆಗಾಗಿ ಕಾಯಲಿಲ್ಲ. ಕರಕುಶಲದ ಕೆಲಸಕ್ಕಾಗಿಯೇ ಒಂದು ಸಂಘವನ್ನು ಮಾಡಿಕೊಂಡರು. ಅವರು ಕೈಹಚ್ಚಿದ ಮುಖ್ಯ ಕೆಲಸ ಬಾಟಿಕ್. ಬಟ್ಟೆಯ ಮೇಲೆ ಕರಗಿದ ಮೇಣದಿಂದ ಚಿತ್ರ ಬರೆದು ಬಣ್ಣದಲ್ಲಿ ಅದ್ದಿದರೆ, ಮೇಣ ಹತ್ತಿದ ಕಡೆ ಬಣ್ಣ ಹಿಡಿಯುವುದಿಲ್ಲ. ಮೇಣ ಬಿರುಕು ಬಿಟ್ಟಲ್ಲಿ ಕೂದಲೆಳೆಯಂಥ ಗೆರೆಗಳು ಮೂಡುತ್ತವೆ. ಇಂಥ ಬಟ್ಟೆಗಳು ಮಾರಾಟವಾದವು. ಆ ಹಣದಿಂದ ಮದರಾಸಿನ ದಕ್ಷಿಣಕ್ಕೆ, ಕಡಲ ತೀರದ ಇಂಜಂಬಾಕ್ಕಂ ಎಂಬ ಹಳ್ಳಿಯಲ್ಲಿ ಸುಮಾರು 10 ಎಕರೆ ಮರಳುಭೂಮಿಯನ್ನು ಕೊಂಡರು. 1966ರಲ್ಲಿ ಅಲ್ಲಿ 'ಚೋಳಮಂಡಲ' ಎಂಬ ಕಲಾವಿದರ ಗ್ರಾಮ ನೆಲೆಗೊಂಡಿತು. ವಾಸುದೇವ್ ಅದರ ಸ್ಥಾಪಕ ಸದಸ್ಯರಲ್ಲಿ ಒಬ್ಬರು. ದಿನದ ಒಂದು ಪಾಲು ಕೈಕಸುಬಿಗೆ, ಉಳಿದುದು ಚಿತ್ರಕ್ಕೆ, ಶಿಲ್ಪಕ್ಕೆ. ಕೈಕಸುಬು ಅನ್ನ ಹಾಕಿತು. ಅನ್ನದ ಚಿಂತೆ ಕಳೆದ ಮೇಲೆ ಚಿತ್ರ ಸ್ವತಂತ್ರವಾಯಿತು. ಪಣಿಕ್ಕರರು 1977ರಲ್ಲಿ ತೀರಿಕೊಂಡರೂ ಗ್ರಾಮ ಚದುರಲಿಲ್ಲ. 2009ರಲ್ಲಿ ಅಲ್ಲಿ ಮದರಾಸಿನ ಕಲಾ ಚಳವಳಿಯ ಒಂದು ಸಂಗ್ರಹಾಲಯವೂ ತೆರೆಯಿತು.

ಬೆಳ್ಳಿಯ ಊರಿನವರಾದ ನಮಗೆ ಇನ್ನೊಂದು ಸಂಗತಿ ಹೆಚ್ಚು ರುಚಿಸೀತು. ವಾಸುದೇವ್ ಬಣ್ಣದಲ್ಲಿ ಮಾತ್ರ ಕೆಲಸ ಮಾಡಿದವರಲ್ಲ. ತಾಮ್ರದ ತೆಳು ತಗಡನ್ನು ಬಡಿದು ಉಬ್ಬುಚಿತ್ರಗಳನ್ನೂ ಮಾಡಿದರು. ನೇಕಾರರೊಬ್ಬರ ಜೊತೆಗೂಡಿ ತಮ್ಮ ಚಿತ್ರಗಳನ್ನು ರೇಷ್ಮೆಯ ನೇಯ್ಗೆಗೂ ಇಳಿಸಿದರು. 1970ರ 'ಸಂಸ್ಕಾರ' ಚಲನಚಿತ್ರಕ್ಕೆ ಕಲಾ ನಿರ್ದೇಶನ ಮಾಡಿದವರೂ ಅವರೇ. ತಗಡಿನ ಮೇಲೆ ಎಷ್ಟು ಪೆಟ್ಟು ಬೀಳಬೇಕು, ಎಲ್ಲಿ ಕೈ ತಡೆಯಬೇಕು ಎಂಬ ಹದ ಹುಪರಿಯ ಕೆಲಸದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಹದವೇ ಅಲ್ಲಿ ಚಿತ್ರವೆನಿಸಿ ಗೋಡೆಯನ್ನೇರಿತು.

ಅವರ ಪತ್ನಿ ಅರ್ನವಾಜ್ ಅವರೂ ಕಲಾವಿದೆಯೇ. 1988ರಲ್ಲಿ ಅವರು ತೀರಿಕೊಂಡರು. ವಾಸುದೇವ್ ಬೆಂಗಳೂರಿಗೆ ಬಂದು ನೆಲೆಸಿದರು. ಪತ್ನಿಯ ಹೆಸರಿನಲ್ಲಿ ಚಿತ್ರಕಲೆ ಕಲಿಯುವ ವಿದ್ಯಾರ್ಥಿಗಳಿಗೆ ವೇತನದ ವ್ಯವಸ್ಥೆ ಮಾಡಿದರು. ಸ್ವಂತ ದುಃಖವನ್ನು ಪರರ ಮಕ್ಕಳ ವಿದ್ಯೆಯಾಗಿ ಮಾರ್ಪಡಿಸುವುದು ದೊಡ್ಡ ಮನಸ್ಸಿನ ಲಕ್ಷಣ. 'ಅನನ್ಯ ದೃಶ್ಯ' ಎಂಬ ಕಾರ್ಯಕ್ರಮದಲ್ಲಿ ಕಲಾವಿದರನ್ನು ಕರೆಸಿ ಜನರೊಡನೆ ಮಾತನಾಡಿಸಿದರು. ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ 'ಆರ್ಟ್ ಪಾರ್ಕ್' ಎಂಬ ಕೂಟವನ್ನು ಆರಂಭಿಸಿದರು. ಅಲ್ಲಿ ಚಿತ್ರಕಾರರು ಜನರ ಎದುರಿಗೇ ಕುಳಿತು ಚಿತ್ರ ಬರೆದು ಸಾಮಾನ್ಯರ ಕೈಗೆಟಕುವ ಬೆಲೆಗೆ ಕೊಡುತ್ತಿದ್ದರು. ಹೆಸರಾದ ಮೇಲೆ ತನ್ನ ಚಿತ್ರವೊಂದನ್ನೇ ನೋಡಿಕೊಂಡಿರುವುದು ಯಾರಿಗಾದರೂ ಸುಲಭ. ಇನ್ನೊಬ್ಬನ ಚಿತ್ರಕ್ಕೆ ಮೊಳೆ ಹೊಡೆಯಲು ಏಣಿ ಹತ್ತುವವರು ವಿರಳ.

ಇದೇ ಭಾವನೆಯ ದೊಡ್ಡ ರೂಪ ಬೆಂಗಳೂರಿನ ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತು ಇದನ್ನು 2003ರಲ್ಲಿ ಆರಂಭಿಸಿತು. ಕುಮಾರಕೃಪಾ ರಸ್ತೆಯಲ್ಲಿ ಆ ದಿನ ವಾಹನಗಳಿಗೆ ಎಡೆಯಿಲ್ಲ. ಎರಡೂ ಬದಿಗೆ ಸಾವಿರಕ್ಕೂ ಹೆಚ್ಚು ಕಲಾವಿದರು ತಮ್ಮ ಚಿತ್ರಗಳನ್ನು ಇಟ್ಟುಕೊಂಡು ಕೂಡುತ್ತಾರೆ. ಮನೆಗೊಂದು ಕಲಾಕೃತಿ ಎಂಬುದು ಆ ಸಂತೆಯ ಧ್ಯೇಯ. ನಮ್ಮ ಹತ್ತಿರದಲ್ಲಿಯೂ ಕೊರತೆಯಿಲ್ಲ. ಕೊಲ್ಲಾಪುರದ ಟೌನ್ ಹಾಲ್ ಉದ್ಯಾನದಲ್ಲಿ 'ರಂಗಬಹಾರ'ದವರು ಏರ್ಪಡಿಸುವ ಮೈಫಿಲಿನಲ್ಲಿ ಒಂದು ಕಡೆ ಗಾಯನ, ಇನ್ನೊಂದು ಕಡೆ ಮರದ ನೆರಳಿನಲ್ಲಿ ಚಿತ್ರ, ಶಿಲ್ಪಗಳ ರಚನೆ ನಡೆಯುತ್ತದೆ. ದಸರಾ ಚೌಕದ ಶಾಹೂ ಸ್ಮಾರಕ ಭವನದಲ್ಲಿ ಚಿತ್ರಶಾಲೆಯೂ ಇದೆ. ಪೇಟೆಗೆ ಹೋದಾಗ ಒಂದು ಗಳಿಗೆ ಮಕ್ಕಳನ್ನು ಒಳಗೆ ಕರೆದುಕೊಂಡು ಹೋಗಲು ಖರ್ಚೇನು?

ಇಷ್ಟನ್ನೆಲ್ಲ ತಿಳಿದ ಮೇಲೆ ಸುಮ್ಮನೆ ಕೂಡಲು ಮನಸ್ಸಾಗಲಿಲ್ಲ. ಈ ವರ್ಷದ ಜನವರಿ 26ರಂದು ಧ್ವಜವಂದನೆಯ ನಂತರ ಶಾಲೆಯಲ್ಲಿ ಒಂದು ಸಣ್ಣ ಪ್ರದರ್ಶನವನ್ನು ಮಾಡಿದೆವು. ಏರ್ಪಾಡಿನ ಹೊಣೆಯನ್ನು ಆ ಹುಡುಗಿಗೇ ವಹಿಸಿದೆ. ಚಿತ್ರಕಲಾ ಶಿಕ್ಷಕರು ನಿಯಮಗಳನ್ನು ಹೇಳಿಕೊಟ್ಟರು: ಚಿತ್ರದ ನಡುಭಾಗ ನೋಡುವವರ ಕಣ್ಣಿನ ಮಟ್ಟಕ್ಕೆ ಬರಬೇಕು, ಚಿತ್ರ ಚಿತ್ರಗಳ ನಡುವೆ ಉಸಿರಾಡಲು ಜಾಗ ಬೇಕು, ಕಿಟಕಿಯ ಎದುರಿಗೆ ಗಾಜಿನ ಚೌಕಟ್ಟು ಬೇಡ, ಪ್ರತಿಯೊಂದರ ಕೆಳಗೂ ಬರೆದವರ ಹೆಸರು ಇರಲೇಬೇಕು. ಚೌಕಟ್ಟಿಗೆ ಹಣವಿಲ್ಲದ್ದರಿಂದ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಚಿಮಟಿಗಳಿಂದ ನಲವತ್ತು ಚಿತ್ರಗಳನ್ನು ತೂಗುಹಾಕಿದರು. ಅವುಗಳ ಜೊತೆಗೆ ತಂದೆತಾಯಂದಿರು ಮಾಡಿದ ಕಾಲ್ಗೆಜ್ಜೆಗಳನ್ನೂ ಒಂದು ಮೇಜಿನ ಮೇಲೆ ಇಡಬೇಕು, ಅವುಗಳ ಮುಂದೆಯೂ ಮಾಡಿದವರ ಹೆಸರನ್ನು ಬರೆಯಬೇಕು ಎಂದು ಸೂಚಿಸಿದವಳು ಆ ಹುಡುಗಿಯೇ. ನನಗೆ ಹೊಳೆಯದ ಮಾತು ಅದು. ಚಿಕ್ಕ ಮಕ್ಕಳ ಚಿತ್ರಗಳನ್ನು ಬಾಗಿಲ ಬಳಿಯ ಬೆಳಕಿಗೆ ಹಾಕಿ, ಎಲ್ಲ ಮುಗಿದ ಮೇಲೆ ತನ್ನದನ್ನು ಮೂಲೆಯಲ್ಲಿ ಉಳಿದ ಜಾಗದಲ್ಲಿ ತೂಗುಹಾಕಿದಳು.

ಮಧ್ಯಾಹ್ನ ತಂದೆ ಬಂದರು. ಮೊದಲು ಮೇಜಿನ ಹತ್ತಿರ ನಿಂತು ತಮ್ಮ ಹೆಸರನ್ನು ಎರಡು ಸಲ ಓದಿಕೊಂಡರು. ಆಮೇಲೆ ಮೂಲೆಗೆ ಹೋಗಿ ಮಗಳ ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಹೊಗಳುವರೆಂದು ನಾನು ಕಾದಿದ್ದೆ. ಅವರು ಬೆರಳಿನಿಂದ ಒಂದು ಕಡೆ ತೋರಿಸಿ, "ಈ ಕೊಂಡಿ ಹಿಂಗ ಕೂಡಂಗಿಲ್ಲವ್ವ, ಬೆಸಿಗಿ ಹಿಡಿಯೂದಿಲ್ಲ. ಇಲ್ಲಿ ಒಂದು ಗೆರಿ ದಪ್ಪ ತಗಿ" ಎಂದರು. ಹುಡುಗಿ ಪೆನ್ಸಿಲ್ ತಂದು ಅಲ್ಲಿಯೇ ತಿದ್ದಿದಳು. ಒಬ್ಬ ಕೆಲಸಗಾರನು ಇನ್ನೊಬ್ಬ ಕೆಲಸಗಾರನಿಗೆ ಕೊಡುವ ಮರ್ಯಾದೆ ಅದು. ಹೋಗುವಾಗ ನನ್ನ ಕಡೆಗೆ ತಿರುಗಿ, ಪರೀಕ್ಷೆಯ ಫೀ ಎಷ್ಟು ಎಂದು ಮಾತ್ರ ಕೇಳಿದರು.

ಬಂಧುಗಳೇ, ಈ ಹುಡುಗಿ ಮುಂದೆ ದೊಡ್ಡ ಕಲಾವಿದೆಯಾದಾಳೆಂದು ನಾನು ಭವಿಷ್ಯ ನುಡಿಯಲಾರೆ. ಗೆಜ್ಜೆಯ ಕೆಲಸವನ್ನೇ ಮಾಡಿಕೊಂಡು ಒಳ್ಳೆಯ ನಕ್ಷೆಗಳನ್ನು ತೆಗೆದರೂ ಸಂತೋಷವೇ. ಚಿತ್ರದಿಂದ ಹೊಟ್ಟೆ ತುಂಬೀತೇ ಎಂಬ ಪ್ರಶ್ನೆಗೆ ಚೋಳಮಂಡಲದವರು ಕೊಟ್ಟ ಉತ್ತರವನ್ನು ನಾವೂ ಕೊಡಬಹುದು: ಕಸುಬು ಹೊಟ್ಟೆಯನ್ನು ತುಂಬಲಿ, ಚಿತ್ರ ಕಸುಬಿಗೆ ಕಣ್ಣಾಗಲಿ, ಎರಡನ್ನೂ ಕೂಡಿ ಮಾಡೋಣ. ಗಡಿಯ ಈಚೆಗಿರುವ ನಮಗೆ ಕೂಡಿ ಬದುಕುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ನಿಮ್ಮ ಊರಿನ ಶಾಲೆಯಲ್ಲಿ, ಗುಡಿಯ ಪಡಸಾಲೆಯಲ್ಲಿ ವರ್ಷಕ್ಕೊಮ್ಮೆ ಒಂದು ಹಗ್ಗ ಕಟ್ಟಿರಿ. ಮಕ್ಕಳ ಚಿತ್ರಗಳ ಜೊತೆಗೆ ಹಿರಿಯರ ಕೈಕೆಲಸವನ್ನೂ ಇಡಿರಿ. ಕೆಳಗೆ ಹೆಸರು ಬರೆಯುವುದನ್ನು ಮಾತ್ರ ಮರೆಯಬೇಡಿರಿ.

ನಾನು ಹರಿದ ಆ ಹಾಳೆಯ ಎರಡು ತುಂಡುಗಳು ನನ್ನ ಮೇಜಿನ ಖಾನೆಯಲ್ಲಿವೆ. ಅಂಟಿಸಿ ಕೊಡಲೇ ಎಂದು ಹುಡುಗಿಯನ್ನು ಕೇಳಿದೆ. "ಬ್ಯಾಡ ಸರ್, ಅದರಾಗ ಕೊಂಡಿ ತಪ್ಪೇತಿ" ಎಂದಳು. ಅವಳ ತಪ್ಪನ್ನು ಅವಳು ತಿದ್ದಿಕೊಂಡಿದ್ದಾಳೆ. ನನ್ನದನ್ನು ನೆನಪಿನಲ್ಲಿಟ್ಟುಕೊಳ್ಳಲು ಆ ತುಂಡುಗಳು ಅಲ್ಲಿಯೇ ಇರಲಿ.