ನಮಗೆ ಒಂದೇ ಕಪಾಟು ಏಕೆ?

ಕನ್ನಡದಲ್ಲಿ ಈಗ ಕಾದಂಬರಿಗೆ ಬರವಿಲ್ಲ. ಪುಸ್ತಕದಂಗಡಿಗೆ ಹೋದರೆ ಐತಿಹಾಸಿಕ, ಪತ್ತೇದಾರಿ, ವೈಜ್ಞಾನಿಕ, ದೆವ್ವದ ಕಥೆ, ಪ್ರೇಮಕಥೆ, ಎಲ್ಲಕ್ಕೂ ಒಂದೊಂದು ಜಾಗ ಇದೆ. ಮುಸ್ಲಿಂ ಹೆಸರಿರುವ ನಾವು ಬರೆದದ್ದು ಮಾತ್ರ, ಒಳಗೆ ಏನೇ ಇರಲಿ, 'ಮುಸ್ಲಿಂ ಸಂವೇದನೆ' ಎಂಬ ಒಂದೇ ಕಪಾಟಿಗೆ ಹೋಗಿ ಕೂರುತ್ತದೆ. ಆ ಕಪಾಟನ್ನು ಮಾಡಿದವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಬಂಡಾಯದ ದಿನಗಳಲ್ಲಿ ಅದರ ಅಗತ್ಯವಿತ್ತು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಅನೇಕ ಓದುಗರು ಮೊದಲ ಬಾರಿಗೆ ಒಂದು ಮುಸ್ಲಿಂ ಮನೆಯ ಹೊಸ್ತಿಲು ದಾಟಿದರು. ಆದರೆ ನಲವತ್ತು ವರ್ಷ ಕಳೆದ ಮೇಲೂ ನಮ್ಮ ಕೈಯಲ್ಲಿ ಅದೇ ಬಾಗಿಲನ್ನು ಮತ್ತೆ ಮತ್ತೆ ತೆರೆಸುವುದು ಯಾವ ನ್ಯಾಯ?

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ಅನುವಾದಿಸಿದವರು ದೀಪಾ ಭಾಸ್ತಿ. 1990ರಿಂದ 2023ರವರೆಗಿನ ದುಡಿಮೆಗೆ ಸಿಕ್ಕ ಮನ್ನಣೆ ಅದು. ನಾವೂ ಸಿಹಿ ಹಂಚಿದವರೇ. ಆ ಸಂಭ್ರಮ ಮುಗಿಯುವ ಮೊದಲೇ ಒಬ್ಬ ಪ್ರಕಾಶಕರು ಫೋನ್ ಮಾಡಿ, "ನಿಮ್ಮ ಹೆಣ್ಣುಮಕ್ಕಳ ಕಷ್ಟದ ಮೇಲೆ ಒಂದು ಕಾದಂಬರಿ ಕೊಡಿ, ಈಗ ಓಡುತ್ತದೆ" ಎಂದರು. ನಾವು ಪತ್ತೇದಾರಿ ಬರೆಯುತ್ತಿದ್ದೇವೆ ಎಂದೆವು. "ಅದು ನಿಮಗೇಕೆ ಸಾರ್?" ಎಂದು ನಕ್ಕರು. ಕಷ್ಟ ಸುಳ್ಳೆಂದು ನಾವು ಹೇಳುತ್ತಿಲ್ಲ. ಕಷ್ಟವೊಂದೇ ನಮ್ಮ ಕಸುಬು ಎಂದು ತೀರ್ಮಾನಿಸಿದವರು ಯಾರು?

ಉರ್ದು ಶಾಲೆಯಲ್ಲಿ ಕಲಿತವರಿಗೆ ಈ ನಗು ಅರ್ಥವಾಗುವುದಿಲ್ಲ. ನಾವು ಬಾಡಿಗೆ ಪುಸ್ತಕದಂಗಡಿಯಿಂದ ತಂದು, ಪಠ್ಯಪುಸ್ತಕದ ನಡುವೆ ಬಚ್ಚಿಟ್ಟು ಓದಿದ್ದು ಇಬ್ನೆ ಸಫಿಯನ್ನು. 1952ರಲ್ಲಿ ಅಲಹಾಬಾದಿನಲ್ಲಿ ಶುರುವಾದ ಅವರ 'ಜಾಸೂಸಿ ದುನಿಯಾ'ದ ಕರ್ನಲ್ ಫರೀದಿ, ಕ್ಯಾಪ್ಟನ್ ಹಮೀದ್ ನಮಗೆ ನೆರೆಮನೆಯವರಷ್ಟು ಪರಿಚಿತರು. ಅವರು ಕೊಲೆಗಾರನನ್ನು ಹಿಡಿಯುತ್ತಿದ್ದರು, ತಮ್ಮ ಸಮುದಾಯವನ್ನು ಯಾರಿಗೂ ವಿವರಿಸುತ್ತಿರಲಿಲ್ಲ. ಉರ್ದುವಿನ ಮಹಾ ವಿಮರ್ಶಕ ಶಂಸುರ್ರಹ್ಮಾನ್ ಫಾರೂಕಿ ಈ ಪತ್ತೇದಾರಿಗಳಲ್ಲಿ ನಾಲ್ಕನ್ನು ಸ್ವತಃ ಇಂಗ್ಲಿಷಿಗೆ ಅನುವಾದಿಸಿದರು. ಅದರಿಂದ ಅವರ ಗೌರವ ಒಂದು ಗುಂಜಿಯಷ್ಟೂ ಕಡಿಮೆಯಾಗಲಿಲ್ಲ. ಕನ್ನಡದಲ್ಲಿ ಐನೂರಕ್ಕೂ ಹೆಚ್ಚು ಪತ್ತೇದಾರಿ ಬರೆದು ಲಕ್ಷಾಂತರ ಜನರಿಗೆ ಓದುವ ಚಟ ಹಿಡಿಸಿದ ಎನ್. ನರಸಿಂಹಯ್ಯನವರಿಗೆ ನಮ್ಮ ವಿಮರ್ಶಕರು ಎಷ್ಟು ಪುಟ ಕೊಟ್ಟರು ಎಂಬುದನ್ನು ಕೇಳದಿರುವುದೇ ಲೇಸು. ಇನ್ನು ವೈಜ್ಞಾನಿಕ ಕಥೆ ನಮ್ಮದಲ್ಲ ಎನ್ನುವವರಿಗೆ ಬಂಗಾಳದ ಬೇಗಂ ರುಕಯ್ಯಾ ಸಾಕು. ಗಂಡಸರು ಪರದೆಯಲ್ಲಿದ್ದು, ಹೆಂಗಸರು ಸೂರ್ಯನ ಶಾಖವನ್ನು ಹಿಡಿದಿಟ್ಟು ರಾಜ್ಯ ನಡೆಸುವ ಅವರ 'ಸುಲ್ತಾನಾಸ್ ಡ್ರೀಮ್' ಮದರಾಸಿನ ಪತ್ರಿಕೆಯೊಂದರಲ್ಲಿ ಅಚ್ಚಾದದ್ದು 1905ರಲ್ಲಿ.

ಬೇರೆಯವರಿಗೆ ಈ ಕಟ್ಟುಪಾಡು ಇಲ್ಲ. ತೇಜಸ್ವಿ 'ಜುಗಾರಿ ಕ್ರಾಸ್' ಬರೆದಾಗ ರೋಚಕತೆ ಸಾಹಿತ್ಯದ ಗುಣವಾಯಿತು. ವಿವೇಕ ಶಾನಭಾಗರ 'ಸಕೀನಾಳ ಮುತ್ತು' ಮಗಳನ್ನು ಹುಡುಕಿಕೊಂಡು ಮನೆಬಾಗಿಲಿಗೆ ಬರುವ ಹುಡುಗರಿಂದ ಪತ್ತೇದಾರಿಯಂತೆಯೇ ಕುತೂಹಲ ಹುಟ್ಟಿಸುತ್ತದೆ. ಅದನ್ನು ಯಾರೂ ಕೀಳಾಗಿ ಕಾಣಲಿಲ್ಲ, ಕಾಣಲೂಬಾರದು. ಸಂಡೂರಿನ ವಸುಧೇಂದ್ರ 2019ರಲ್ಲಿ 'ತೇಜೋ ತುಂಗಭದ್ರಾ' ಬರೆದು ಹದಿನಾರನೇ ಶತಮಾನದ ಲಿಸ್ಬನ್ನಿನ ಯಹೂದಿಗಳ ಬೀದಿಯಲ್ಲಿ ನಡೆದಾಡಿದರು. ಲಿಸ್ಬನ್ನಿಗೂ ನಿಮಗೂ ಏನು ಸಂಬಂಧ ಎಂದು ಯಾರೂ ಅವರ ಗುರುತಿನ ಚೀಟಿ ಕೇಳಲಿಲ್ಲ. ನಮಗೆ ಬೇಕಾದದ್ದು ಅಷ್ಟೇ ಸಲುಗೆ. ಬೊಳುವಾರು ಅದನ್ನು ಕೇಳದೆಯೇ ತೆಗೆದುಕೊಂಡರು. ಸಾವಿರ ಪುಟ ಮೀರಿದ 'ಸ್ವಾತಂತ್ರ್ಯದ ಓಟ'ಕ್ಕೆ 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಆದರೆ ಎಲ್ಲರೂ ಸಾವಿರ ಪುಟ ಬರೆದೇ ಹೊರಬರಬೇಕೆಂದರೆ ಹೇಗೆ?

ನಾವು ಬರೆಯದೆ ಬಿಟ್ಟ ಪ್ರಕಾರಗಳಲ್ಲಿಯೂ ನಮ್ಮವರು ಇದ್ದೇ ಇರುತ್ತಾರೆ, ಇನ್ನೊಬ್ಬರು ಕೊಟ್ಟ ವೇಷದಲ್ಲಿ. ಐತಿಹಾಸಿಕ ಕಾದಂಬರಿಯನ್ನೇ ನೋಡಿ. ಎಸ್.ಎಲ್. ಭೈರಪ್ಪನವರ 'ಆವರಣ' 2007ರಲ್ಲಿ ಬಂತು, ಮುದ್ರಣದ ಮೇಲೆ ಮುದ್ರಣ ಕಂಡಿತು. ಆ ಕಾದಂಬರಿಯ ಒಳಗೇ ಆಧಾರಗ್ರಂಥಗಳ ಪಟ್ಟಿಯಿದೆ. ಇತಿಹಾಸವೆಂದೇ ಓದಿ ಎಂಬ ಒತ್ತಾಯ ಅದು. ಗಿದ್ವಾನಿಯವರ ಇಂಗ್ಲಿಷ್ ಕಾದಂಬರಿಯನ್ನು ಆಧರಿಸಿದ ಟಿಪ್ಪು ಧಾರಾವಾಹಿ 1990ರಲ್ಲಿ ದೂರದರ್ಶನದಲ್ಲಿ ಬಂದಾಗ ಇದು ಕಾಲ್ಪನಿಕ ಎಂಬ ಸೂಚನೆ ತೋರಿಸಬೇಕಾಯಿತು. ಒಂದು ಕಲ್ಪನೆಗೆ ಎಚ್ಚರಿಕೆಯ ಫಲಕ, ಇನ್ನೊಂದಕ್ಕೆ ಗ್ರಂಥಸೂಚಿ! ಕಥೆಯೇ ಚರಿತ್ರೆಯಾದರೆ ಏನಾಗುತ್ತದೆ ಎಂಬುದನ್ನು 2023ರ ಚುನಾವಣೆಯ ಹೊತ್ತಿಗೆ ಕಂಡೆವು. ದಾಖಲೆಯಿಲ್ಲದ ಉರಿಗೌಡ, ನಂಜೇಗೌಡರು ಟಿಪ್ಪುವನ್ನು ಕೊಂದರೆಂದು ಭಾಷಣಗಳಾದವು, ಸಿನಿಮಾ ಕೂಡ ಘೋಷಣೆಯಾಯಿತು. ಆದಿಚುಂಚನಗಿರಿಯ ಸ್ವಾಮೀಜಿ ತಡೆದದ್ದರಿಂದ ಅದು ನಿಂತಿತು.

ಹಾಗೆಂದು ಉರ್ದುವಿನ ನಸೀಮ್ ಹಿಜಾಝಿಯನ್ನು ಎತ್ತಿಹಿಡಿಯಲು ನಾವು ತಯಾರಿಲ್ಲ. ನಮ್ಮ ಎಷ್ಟೋ ಮನೆಗಳ ಕಪಾಟಿನಲ್ಲಿ ಅವರ ಕಾದಂಬರಿಗಳಿವೆ, ಟಿಪ್ಪುವಿನ ಕುರಿತ 'ಔರ್ ತಲ್ವಾರ್ ಟೂಟ್ ಗಯೀ' ಸಹಿತ. ಅಲ್ಲಿ ನಮ್ಮವನು ಸೋತರೆ ಅದಕ್ಕೆ ದ್ರೋಹಿಯೇ ಕಾರಣ, ಗೆದ್ದರೆ ಅವನ ಈಮಾನೇ ಕಾರಣ. ಓದುವಾಗ ಎದೆ ಉಬ್ಬುತ್ತದೆ, ಪುಸ್ತಕ ಮುಚ್ಚಿದಾಗ ಒಬ್ಬ ಮನುಷ್ಯನೂ ನೆನಪಿನಲ್ಲಿ ಉಳಿಯುವುದಿಲ್ಲ. ಭೈರಪ್ಪನವರ ಕಾದಂಬರಿಗೆ ಇಂಥ ಕಾದಂಬರಿ ಉತ್ತರವಲ್ಲ, ಅದು ಅದರ ಅಣ್ಣ.

ದೂರು ಹೊರಗಿನವರ ಮೇಲೆ ಮಾತ್ರವೂ ಅಲ್ಲ. ಪ್ರಕಾಶಕ ನಮ್ಮಿಂದ ನೋವು ಕೇಳಿದರೆ ನಮ್ಮ ಜಮಾಅತಿನ ಹಿರಿಯರು ಸಂದೇಶ ಕೇಳುತ್ತಾರೆ. "ಇದರಿಂದ ಸಮುದಾಯಕ್ಕೆ ಏನು ಪ್ರಯೋಜನ, ಭಾಯಿ?" ಎಂಬುದು ಅವರ ಮೊದಲ ಪ್ರಶ್ನೆ. ಮುಸ್ಲಿಂ ಪಾತ್ರವೊಂದು ಕದ್ದರೆ ಸಮುದಾಯಕ್ಕೆ ಅವಮಾನ, ಕದಿಯದಿದ್ದರೆ ಕಥೆಯೇ ಇಲ್ಲ! ಕಳ್ಳನೂ ಪೊಲೀಸನೂ ಸಾಕ್ಷಿಯೂ ನಮ್ಮವರೇ ಆಗಿರುವ ಒಂದು ಪತ್ತೇದಾರಿಯನ್ನು ಸಹಿಸುವಷ್ಟು ಧೈರ್ಯ ನಮಗೆ ಬರಬೇಡವೇ?

ವಸ್ತುವಿಗಂತೂ ಕೊರತೆಯಿಲ್ಲ, ಬಿಜಾಪುರವೊಂದೇ ಸಾಕು. 1580ರಿಂದ 1627ರವರೆಗೆ ಅಲ್ಲಿ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ ದಖನಿಯಲ್ಲಿ 'ಕಿತಾಬೆ ನೌರಸ್' ಎಂಬ ಹಾಡುಗಳ ಪುಸ್ತಕ ಬರೆದ. ಅದರಲ್ಲಿ ಸರಸ್ವತಿಯೂ ಇದ್ದಾಳೆ, ಕಲಬುರಗಿಯ ಬಂದೇನವಾಝರೂ ಇದ್ದಾರೆ. ಸಂಗೀತದ ಹುಚ್ಚಿಗೆ ನೌರಸಪುರ ಎಂಬ ಊರನ್ನೇ ಕಟ್ಟಲು ಹೊರಟ. 1624ರಲ್ಲಿ ಅದನ್ನು ಹಾಳುಗೆಡವಿದ್ದು ಹಬ್ಶಿ ಗುಲಾಮನಾಗಿ ಬಂದು ದೊರೆಯಷ್ಟು ಬೆಳೆದ ಮಲಿಕ್ ಅಂಬರ್. ಅದಕ್ಕೂ ಮೊದಲು ಅಕ್ಬರನ ದೂತ ಅಸದ್ ಬೇಗ್ ಇದೇ ಊರಿಗೆ ಬಂದ, ಆದಿಲ್ ಶಾಹಿ ರಾಜಕುಮಾರಿಯನ್ನು ಅಕ್ಬರನ ಮಗ ದಾನಿಯಾಲನಿಗೆ ಮದುವೆ ಮಾಡಿಸಲು. ಹಿಂತಿರುಗುವಾಗ ಇಲ್ಲಿಂದ ತಂಬಾಕು ಕೊಂಡೊಯ್ದು, ರತ್ನಖಚಿತ ಹುಕ್ಕಾದೊಂದಿಗೆ ಬಾದಶಾಹನ ಮುಂದಿಟ್ಟ. ಅಕ್ಬರ್ ಸೇದಿ ನೋಡಿದ, ಹಕೀಮರು ಬೇಡವೆಂದು ಜಗಳ ತೆಗೆದರು. ಇದನ್ನು ಪ್ರೇಮಕಥೆಯಾಗಿ ಬರೆಯಬಹುದು, ಗೂಢಚಾರರ ಕಥೆಯಾಗಿ ಬರೆಯಬಹುದು, ಹಾಸ್ಯವಾಗಿಯೂ ಬರೆಯಬಹುದು. ನಾನೂರು ಪುಟಗಳಲ್ಲಿ ಒಂದೇ ಒಂದು ತಲಾಖ್ ಇಲ್ಲದೆ ಬರೆಯಬಹುದು.