ವೃಷಭಾವತಿಯ ಪಾಲಿಗೆ ಉಳಿಯುವ ನೀರೆಷ್ಟು?

ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆಯನ್ನು ವೃಷಭಾವತಿ ಕಣಿವೆಯಲ್ಲಿ ಶುದ್ಧಿಗೊಳಿಸಿ, ಆ ನೀರನ್ನು ಯಂತ್ರಗಳಿಂದ ಮೇಲೆತ್ತಿ, ನೆಲಮಂಗಲ ಮತ್ತು ತುಮಕೂರು ಕಡೆಯ ಬತ್ತಿದ ಕೆರೆಗಳಿಗೆ ತುಂಬಿಸತಕ್ಕ ಯೋಜನೆಗೆ ಸರ್ಕಾರದವರು 2024ರಲ್ಲಿ ಶಂಕುಸ್ಥಾಪನೆ ಮಾಡಿದುದನ್ನು ನಮ್ಮ ಓದುಗರು ಬಲ್ಲರು. ದಿನವೊಂದಕ್ಕೆ 243 ದಶಲಕ್ಷ ಲೀಟರು ನೀರನ್ನು ಹೀಗೆ ಸಾಗಿಸುವ ಎಣಿಕೆ. ಆ ಸೀಮೆಯ ರೈತರು ಮಳೆಯನ್ನೂ ಕೊಳವೆಬಾವಿಯನ್ನೂ ನಂಬಿ ಸೋತವರು. ಅವರ ಕೆರೆಗಳಿಗೆ ನೀರು ಬರುವುದನ್ನು ನಾವು ಆಕ್ಷೇಪಿಸತಕ್ಕವರಲ್ಲ. ಆದರೆ ಎತ್ತುವ ನೀರಿನ ಅಂಕಿಯನ್ನು ಸಭೆ ಸಭೆಗಳಲ್ಲಿ ಸಾರಿದವರು, ನದಿಯಲ್ಲಿ ಬಿಟ್ಟು ಉಳಿಸತಕ್ಕ ನೀರಿನ ಅಂಕಿಯನ್ನು ಅಷ್ಟೇ ಗಟ್ಟಿಯಾದ ದನಿಯಲ್ಲಿ ಹೇಳಲಿಲ್ಲ. ನಮ್ಮ ಪ್ರಶ್ನೆ ಇಷ್ಟೆ.

ನದಿಯೆಂದರೆ ಕೆಲವರಿಗೆ ನಗೆ ಬಂದೀತು. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ನಿವಾಸಿಗಳು ಅದನ್ನು ಮೋರಿಯೆಂದಲ್ಲದೆ ಬೇರೆ ಹೆಸರಿನಿಂದ ಕರೆಯುವುದನ್ನು ನಾವು ಕೇಳಿದ್ದು ಕಡಮೆ. ಆದರೂ ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿದಳೆಂದು ಹಿರಿಯರು ನಂಬಿದ ಈ ತೊರೆಯು ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಮಗ್ಗುಲಲ್ಲಿ ಹರಿದು, ಕೆಂಗೇರಿ ಬಿಡದಿಗಳ ಕಡೆಯಿಂದ ಬೈರಮಂಗಲದ ಜಲಾಶಯವನ್ನು ಸೇರಿ, ಅಲ್ಲಿಂದ ಮುಂದೆ ಕನಕಪುರದ ಸೀಮೆಯಲ್ಲಿ ಅರ್ಕಾವತಿಯನ್ನೂ, ಸಂಗಮದಲ್ಲಿ ಕಾವೇರಿಯನ್ನೂ ಕೂಡುತ್ತದೆ. ಈಗ ಅದರಲ್ಲಿ ಹರಿಯುವುದರ ಬಹುಭಾಗವೂ ತೊರೆಕಾಡನಹಳ್ಳಿಯಿಂದ ಪೇಟೆಗೆ ಎತ್ತಿ ತಂದ ಕಾವೇರಿಯೇ. ನಮ್ಮ ಮನೆಗಳ ಬಚ್ಚಲನ್ನು ಕಂಡುಬಂದ ಕಾವೇರಿ ತನ್ನ ಮೂಲಕ್ಕೆ ಮರಳುವ ದಾರಿ ಇದು.

ನದಿಯಲ್ಲಿ ಇಂತಿಷ್ಟು ನೀರು ಇದ್ದೇ ತೀರಬೇಕೆಂಬ ಕಟ್ಟಳೆ ಹೊರದೇಶದಿಂದ ಬಂದ ಹೊಸ ಮಾತೇನೂ ಅಲ್ಲ. ಮೈಸೂರು ಮದರಾಸು ಸರ್ಕಾರಗಳು 1924ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿಯೇ, ಮೇಲಣೆಕಟ್ಟಿನಲ್ಲಿ ಗೊತ್ತಾದ ಮಟ್ಟದ ಹರಿವು ಇದ್ದ ಹೊರತು ಕೃಷ್ಣರಾಜಸಾಗರದಲ್ಲಿ ನೀರು ಕಟ್ಟಕೂಡದೆಂಬ ನಿಯಮವಿತ್ತು. ಅದು ಗದ್ದೆಗಳ ಸಲುವಾಗಿ ಮಾಡಿದ್ದು. 2007ರಲ್ಲಿ ಕಾವೇರಿ ನ್ಯಾಯಮಂಡಳಿಯವರು ನದಿಯ ಸಲುವಾಗಿಯೇ 10 ಟಿ.ಎಂ.ಸಿ. ಅಡಿ ತೆಗೆದಿಟ್ಟು, ಬಿಳಿಗುಂಡ್ಲುವಿನಲ್ಲಿ ಫೆಬ್ರವರಿಯಿಂದ ಮೇ ವರೆಗೆ ತಿಂಗಳಿಗೆ ಎರಡೂವರೆಯಂತೆ ಹರಿಯಬೇಕೆಂದು ವಿಧಿಸಿದರು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನವರು ಒಟ್ಟು ಬಿಡತಕ್ಕ ನೀರನ್ನು 192ರಿಂದ 177.25ಕ್ಕೆ ಇಳಿಸಿದಾಗಲೂ ಈ ನಾಲ್ಕು ತಿಂಗಳ ಪಾಲನ್ನು ಮುಟ್ಟಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರದವರು ಗಂಗೆಗೆ, ಹರಿದ್ವಾರದವರೆಗಿನ ಮೇಲುಭಾಗದಲ್ಲಿ, ಚಳಿಗಾಲಕ್ಕೆ ಸರಾಸರಿ ಹರಿವಿನ ನೂರಕ್ಕೆ 20, ಮಳೆಗಾಲಕ್ಕೆ 30 ಎಂದು ಗೊತ್ತುಮಾಡಿದರು.

ಈಗ ಒಂದು ಲೆಕ್ಕ ನೋಡೋಣ. ತಿಂಗಳಿಗೆ ಎರಡೂವರೆ ಟಿ.ಎಂ.ಸಿ. ಎಂದರೆ ಸುಮಾರು 960 ಕ್ಯೂಸೆಕ್. ದಿನಕ್ಕೆ 243 ದಶಲಕ್ಷ ಲೀಟರೆಂದರೆ ಸುಮಾರು 100 ಕ್ಯೂಸೆಕ್. ಬಿಳಿಗುಂಡ್ಲುವಿನ ಅಳತೆಯು ಸಂಗಮಕ್ಕಿಂತ ಕೆಳಗಿರುವುದರಿಂದ ಅರ್ಕಾವತಿಯಲ್ಲಿ ಬಂದದ್ದೆಲ್ಲವೂ ಆ ಲೆಕ್ಕಕ್ಕೆ ಸೇರುತ್ತದೆ. ಕೆಂಗೇರಿಯಲ್ಲಿ ಹರಿದದ್ದೆಲ್ಲ ಅಲ್ಲಿಗೆ ಮುಟ್ಟುವುದೆಂದು ನಾವು ಹೇಳುವುದಿಲ್ಲ. ದಾರಿಯಲ್ಲಿ ಗದ್ದೆಯುಂಟು, ಬಿಸಿಲುಂಟು. ಆದರೂ ಬೇಸಗೆಯ ಬಾಕಿಯ ಹತ್ತನೆಯ ಒಂದು ಪಾಲಿನಷ್ಟು ನೀರನ್ನು ಬೇರೆ ದಿಕ್ಕಿಗೆ ತಿರುಗಿಸುವವರು, ಕೊರತೆ ಬಿದ್ದಲ್ಲಿ ಅದನ್ನು ಯಾವ ಅಣೆಕಟ್ಟಿನಿಂದ ತುಂಬಿಕೊಡುವೆವೆಂದು ಮೊದಲೇ ಬರೆದಿಡಬೇಡವೆ? ಕುಡಿಯುವ ನೀರಿನಲ್ಲಿ ನೂರಕ್ಕೆ 20 ಮಾತ್ರ ಖರ್ಚು, ಉಳಿದದ್ದು ನದಿಗೆ ಹಿಂದಿರುಗುತ್ತದೆಂದು ನ್ಯಾಯಮಂಡಳಿಯವರು ಎಣಿಸಿದ್ದಾರೆ. ಹಿಂದಿರುಗುವ ದಾರಿಯಲ್ಲಿಯೇ ನಾವು ಅದನ್ನು ಎತ್ತಿಕೊಂಡರೆ, ನೆರೆಯವರು ಕೇಳುವುದಕ್ಕೆ ಮೊದಲು ನಮ್ಮ ಮನೆಯ ಲೆಕ್ಕವನ್ನು ನಾವೇ ಸರಿಮಾಡಿಕೊಳ್ಳುವುದು ಕನ್ನಡನಾಡಿಗೆ ಕ್ಷೇಮ.

ಇನ್ನು ಮೀನಿನ ಮಾತು. ವೃಷಭಾವತಿ ಬೇಸಗೆಯಲ್ಲಿಯೂ ಬತ್ತದು. ಪೇಟೆ ಬಚ್ಚಲು ತೊಳೆಯುವ ತನಕ ಅದಕ್ಕೆ ಹರಿವುಂಟು. ಕ್ಯೂಸೆಕ್ಕಿನಲ್ಲಿ ಮಾತ್ರ ಬರೆದ ಕಟ್ಟಳೆಯನ್ನು ಈ ನದಿ ಇಂದೇ ಪಾಲಿಸಿದಂತಾಗುವುದು. ಮೀನು ಮಾತ್ರ ಅಲ್ಲಿ ಬದುಕದು. ಮೀನು ಬೆಳೆಯತಕ್ಕ ನೀರಿನಲ್ಲಿ ಲೀಟರಿಗೆ 4 ಮಿಲಿಗ್ರಾಮಿಗೆ ಕಡಮೆಯಿಲ್ಲದೆ ಆಮ್ಲಜನಕ ಕರಗಿರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರ ಅಳತೆ ಇದೆ. ಆದುದರಿಂದ ಇಲ್ಲಿ ಗೊತ್ತುಮಾಡಬೇಕಾದುದು ಎರಡು ಅಂಕಿಗಳನ್ನು: ನೀರೆಷ್ಟು, ಎಂತಹ ನೀರು.

ಯೋಜನೆಯ ಕುತ್ತು ಅಡಗಿರುವುದು ಇಲ್ಲಿಯೇ. ಶುದ್ಧಿಯಾದ ನೀರು ನದಿಗೆ ಬಿದ್ದರೆ ಶುದ್ಧಿಯಾಗದ ಕೊಳಚೆಯನ್ನೂ ಕಾರ್ಖಾನೆಗಳ ಕಷ್ಮಲವನ್ನೂ ಸ್ವಲ್ಪವಾದರೂ ತೆಳುಮಾಡುತ್ತದೆ. ಶುದ್ಧಿಯಾದುದನ್ನೆಲ್ಲ ಮೇಲಕ್ಕೆ ಎತ್ತಿ, ಆಗದುದನ್ನು ಕೆಳಕ್ಕೆ ಬಿಟ್ಟರೆ, ಬೈರಮಂಗಲಕ್ಕೆ ಹೋಗುವ ನೀರು ಇಂದಿಗಿಂತ ಹೆಚ್ಚು ಕೆಡುವುದು. ಹಂಸವು ಹಾಲನ್ನು ಕುಡಿದು ನೀರನ್ನು ಬಿಡುವುದೆಂದು ಪಾಠಶಾಲೆಯಲ್ಲಿ ನಾವೆಲ್ಲರೂ ಓದಿದೆವು. ಈ ಯಂತ್ರಹಂಸ ಬಿಟ್ಟುಹೋಗುವುದು ನೀರೂ ಅಲ್ಲ.

ಬೈರಮಂಗಲದ ಅಚ್ಚುಕಟ್ಟಿನವರು ಸರ್ಕಾರದ ಕಾಲುವೆಯನ್ನು ನಂಬಿ ಒಕ್ಕಲುತನಕ್ಕೆ ನಿಂತವರು. ನೀರು ಕೆಟ್ಟ ಮೇಲೆ ಅಲ್ಲಿ ಭತ್ತ ಹಿಂದೆ ಸರಿದು, ಮೇವಿನ ಹುಲ್ಲು, ಎಳೆಜೋಳ, ಹಿಪ್ಪುನೇರಳೆ, ತೆಂಗು ಬಂದುವು. ನೊರೆಯನ್ನೂ ದುರ್ಗಂಧವನ್ನೂ ಸಹಿಸಿಕೊಂಡವರಿಗೆ, ಶುದ್ಧಿಯ ಕಾಲ ಬಂದಾಗ ಮೊದಲ ಪಾಲು ಸಲ್ಲುವುದು ನ್ಯಾಯ. ನೆಲಮಂಗಲದವರ ದಾಹ ನಿಜ, ಬೈರಮಂಗಲದವರ ಹಕ್ಕೂ ನಿಜ. ಪೇಟೆಯವರ ಕೊಳೆಯ ಹೆಸರಿನಲ್ಲಿ ಎರಡು ಊರಿನ ರೈತರು ಪರಸ್ಪರ ಜಗಳಕ್ಕೆ ನಿಲ್ಲುವಂತಾಗಬಾರದು. ಇವರಾಚೆಗೆ ಕಾವೇರಿಯ ಡುಬ್ಬಬೆನ್ನಿನ ಮಹಸೀರ್ ಉಂಟು; ಲೋಕದಲ್ಲಿ ಕಾವೇರಿ ಸೀಮೆಯನ್ನು ಬಿಟ್ಟರೆ ಅದಕ್ಕೆ ನೆಲೆಯಿಲ್ಲ. 2018ರಲ್ಲಿ ಅದನ್ನು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಿದರು.

ಬಿಡದೆ ಎತ್ತಿದರೆ ಏನಾಗುವುದೆಂಬುದಕ್ಕೆ ಬೆಂಗಳೂರಿನವರು ಬಹಳ ದೂರ ಹೋಗಬೇಕಾಗಿಲ್ಲ. 1894ರ ಹೆಸರಘಟ್ಟವೂ 1933ರ ತಿಪ್ಪಗೊಂಡನಹಳ್ಳಿಯೂ ಪೇಟೆಯ ಬಾಯಾರಿಕೆಯನ್ನು ತಣಿಸಿದುವು, ಅದನ್ನು ನಾವು ಮರೆಯೆವು. ಆದರೆ ಆ ಕಟ್ಟೆಗಳ ಕೆಳಗೆ ಬೇಸಗೆಯ ಅರ್ಕಾವತಿ ಯಾವ ಸ್ಥಿತಿಗೆ ಬಂದಿತೆಂಬುದನ್ನು ಹೋಗಿ ನೋಡಬಹುದು. ಅರೆ ಶುದ್ಧಿಯ ಫಲ ತಿಳಿಯಬೇಕಾದವರು ಕೋಲಾರವನ್ನು ನೆನೆಯಲಿ. 2018ರಲ್ಲಿ ಕೋರಮಂಗಲ ಚಲ್ಲಘಟ್ಟ ಕಣಿವೆಯ ನೀರು ಅಲ್ಲಿನ ಕೆರೆಗೆ ಹೋಗಿ ಇನ್ನೂ ಹೆಚ್ಚು ದಿನ ಕಳೆದಿರಲಿಲ್ಲ. ನೊರೆಯೆದ್ದು, ವ್ಯವಹಾರ ಹೈಕೋರ್ಟನ್ನು ಮುಟ್ಟಿ ತಡೆಯಾಜ್ಞೆ ಬಂದಿತು.

ಇಂಜಿನಿಯರುಗಳು ಒಂದು ಮಾತು ಹೇಳಿಯಾರು: ಕೆಳಗೆ ಬಿಡುವುದಾದರೆ ಮೇಲಿನ ಕೆರೆಗಳು ತುಂಬುವುದು ತಡವಾಗುವುದೆಂದು. ಆಗಲಿ. ಕೊಳಚೆಯನ್ನೆಲ್ಲ ಶುದ್ಧಿಗೆ ತಂದಷ್ಟೂ ಎರಡು ಕಡೆಗೂ ಪಾಲು ಬೆಳೆಯುವುದು. ಆ ಕೆಲಸವನ್ನು ಬಿಟ್ಟು ಎತ್ತುವ ಯಂತ್ರದ ಶಕ್ತಿಯನ್ನೇ ಹೆಚ್ಚಿಸುತ್ತ ಹೋಗುವುದು ಕ್ರಮವಲ್ಲ. ಸಣ್ಣ ನೀರಾವರಿ ಇಲಾಖೆಯವರೂ ಜಲಮಂಡಲಿಯವರೂ ಕೂಡಿ ತಿಂಗಳು ತಿಂಗಳಿಗೆ ಬಿಡತಕ್ಕ ಶುದ್ಧ ನೀರಿನ ಅಂಕಿಯನ್ನು ಆಜ್ಞೆಯ ರೂಪದಲ್ಲಿ ಹೊರಡಿಸಲಿ. ಅದಕ್ಕೆ ಕಡಮೆಯಾದ ದಿನ ಎತ್ತುವ ಯಂತ್ರಗಳು ನಿಲ್ಲಲಿ. ಒಂದು ಅಳತೆಗಲ್ಲನ್ನು ಕೆಂಗೇರಿಯಲ್ಲಿ, ಇನ್ನೊಂದನ್ನು ಬೈರಮಂಗಲಕ್ಕೆ ನೀರು ಬೀಳುವಲ್ಲಿ ನೆಟ್ಟು, ಹರಿವನ್ನೂ ಆಮ್ಲಜನಕವನ್ನೂ ದಿನವಹಿ ಬರೆಯಿಸಲಿ. ಅಂಕಿಗಳನ್ನು ವಾರಕ್ಕೊಮ್ಮೆ ಕಳುಹಿಸಿಕೊಟ್ಟರೆ, ಚಿನ್ನ ಬೆಳ್ಳಿಯ ಧಾರಣೆಯ ಮಗ್ಗುಲಲ್ಲಿಯೇ ಅಚ್ಚು ಹಾಕುವುದಕ್ಕೆ ನಾವು ಜಾಗ ಬಿಡಲು ಸಿದ್ಧರಿದ್ದೇವೆ.